ಹಳೆಯ ಕೋಡಿಗೆ ದಿಕ್ಕು ಯಾರು?

2024ರ ಅಕ್ಟೋಬರ್ 7ರಂದು ಪೈಥಾನ್ ಭಾಷೆಯ 3.13ನೇ ಆವೃತ್ತಿ ಹೊರಬಂತು. ಬಹುತೇಕರ ಕಣ್ಣು ಬಿದ್ದದ್ದು ಹೊಸದಾಗಿ ಸೇರಿದ್ದರ ಮೇಲೆ: ಹಲವು ಥ್ರೆಡ್‌ಗಳು ನಿಜಕ್ಕೂ ಏಕಕಾಲಕ್ಕೆ ಓಡಬಲ್ಲ ಪ್ರಾಯೋಗಿಕ ಬಿಲ್ಡ್, ಬಣ್ಣಬಣ್ಣದ ಹೊಸ ಶೆಲ್. ಅದೇ ಆವೃತ್ತಿಯಲ್ಲಿ, ‘ಪೆಪ್ 594’ ಎಂಬ ಒಂದೇ ಪ್ರಸ್ತಾವದ ಮೇರೆಗೆ, ಭಾಷೆಯ ಜೊತೆಗೇ ಬರುತ್ತಿದ್ದ 19 ಹಳೆಯ ಮಾಡ್ಯೂಲ್‌ಗಳನ್ನು ಕಿತ್ತುಹಾಕಲಾಯಿತು. ಟೆಲ್‌ನೆಟ್ ಮೂಲಕ ದೂರದ ಯಂತ್ರವನ್ನು ಮಾತಾಡಿಸುವ ಟೆಲ್‌ನೆಟ್‌ಲಿಬ್, ತೊಂಬತ್ತರ ದಶಕದ ವೆಬ್‌ಸೈಟುಗಳು ನಿಂತಿದ್ದ ಸಿಜಿಐ, ಯೂನಿಕ್ಸ್ ಪಾಸ್‌ವರ್ಡುಗಳಿಗೆ ಸಂಬಂಧಿಸಿದ ಕ್ರಿಪ್ಟ್, ಯೂಸ್‌ನೆಟ್ ಸುದ್ದಿಗುಂಪುಗಳಿಗೆ ಕರೆದೊಯ್ಯುವ ಎನ್‌ಎನ್‌ಟಿಪಿಲಿಬ್, ಸನ್ ಕಂಪನಿಯ ಯಂತ್ರಗಳ ಧ್ವನಿ ಫೈಲುಗಳನ್ನು ಓದುವ ಸನ್‌ಎಯು ಎಲ್ಲವೂ ಆ ಪಟ್ಟಿಯಲ್ಲಿದ್ದವು. ಇವುಗಳಲ್ಲಿ ಕೆಲವುಗಳ ಹೆಸರನ್ನು ಇಂದಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೇಳಿಯೂ ಇರಲಾರರು.

ನಿರ್ಧಾರ ರಾತ್ರೋರಾತ್ರಿ ಆದದ್ದಲ್ಲ. ಪೈಥಾನ್ ಡೆವಲಪರ್ ಕ್ರಿಶ್ಚಿಯನ್ ಹೈಮ್ಸ್ ಆ ಪ್ರಸ್ತಾವವನ್ನು ಮುಂದಿಟ್ಟದ್ದು 2019ರ ಮೇ ತಿಂಗಳಲ್ಲಿ. ಪೈಥಾನ್ ಮೊದಲಿನಿಂದಲೂ ತನ್ನನ್ನು ‘ಬ್ಯಾಟರಿ ಸಮೇತ ಬರುವ’ ಭಾಷೆ ಎಂದು ಹೇಳಿಕೊಂಡು ಬಂದಿತ್ತು. ಸತ್ತ ಬ್ಯಾಟರಿಗಳನ್ನು ತೆಗೆಯೋಣ ಎಂಬುದೇ ಪ್ರಸ್ತಾವದ ತಲೆಬರಹ. 3.8ರಲ್ಲಿ ಸೂಚನೆ ಕೊಟ್ಟು 3.10ರಲ್ಲಿ ತೆಗೆಯುವುದೆಂಬ ಮೊದಲ ಲೆಕ್ಕಾಚಾರ ವಾದವಿವಾದದಲ್ಲಿ ಸಿಕ್ಕಿಕೊಂಡು ನಿಂತುಹೋಯಿತು. ಇನ್ನೊಬ್ಬ ಡೆವಲಪರ್ ಬ್ರೆಟ್ ಕ್ಯಾನನ್ ಕೈಜೋಡಿಸಿದ ಮೇಲೆ 2022ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕಿ, 3.11ರಲ್ಲಿ ಎಚ್ಚರಿಕೆ, 3.13ರಲ್ಲಿ ವಿದಾಯ ಎಂದಾಯಿತು.

ಈ ನಿರ್ಧಾರ ಬಹುಮಟ್ಟಿಗೆ ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಸರಿಯಲ್ಲ, ಅದನ್ನು ಜಾರಿಗೆ ತಂದ ರೀತಿಯಲ್ಲಿ ಕೊರತೆಯಿದೆ. ಒಂದು ಮಾಡ್ಯೂಲನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ತೀರ್ಮಾನಿಸುವಾಗ ‘ಇದನ್ನು ಯಾರು ಬಳಸುತ್ತಾರೆ’ ಎಂಬ ಪ್ರಶ್ನೆಗಿಂತ ‘ಇದಕ್ಕೆ ಯಾರು ಜವಾಬು ಕೊಡುತ್ತಾರೆ’ ಎಂಬುದು ಮುಂದೆ ಬರಬೇಕು.

ಇಷ್ಟೆಲ್ಲ ಸಾಮಾನು ಒಳಗೆ ಬಂದದ್ದಾದರೂ ಹೇಗೆ? ಗೈಡೋ ವಾನ್ ರೋಸಮ್ ಪೈಥಾನಿನ ಮೊದಲ ಆವೃತ್ತಿಯನ್ನು ಹಂಚಿದ್ದು 1991ರಲ್ಲಿ. ಬೇರೆಯವರು ಬರೆದ ಕೋಡನ್ನು ಒಂದು ಆಜ್ಞೆಯಿಂದ ಇಳಿಸಿಕೊಳ್ಳುವ ಸೌಕರ್ಯ ಆಗ ಇರಲಿಲ್ಲ. ಪ್ಯಾಕೇಜುಗಳ ಕೇಂದ್ರ ಭಂಡಾರವಾದ ಪೈಪಿಐ ಶುರುವಾದದ್ದು 2003ರಲ್ಲಿ, ಅಲ್ಲಿಂದ ಪ್ಯಾಕೇಜು ಇಳಿಸಿಕೊಳ್ಳುವ ಸಾಧನವಾದ ಪಿಪ್ ಹುಟ್ಟಿದ್ದು 2008ರಲ್ಲಿ, ಅದು ಪೈಥಾನ್ ಜೊತೆಗೇ ಬರತೊಡಗಿದ್ದು 2014ರ 3.4ರಿಂದ. ಅಲ್ಲಿಯವರೆಗೆ ಭಾಷೆಯ ಜೊತೆ ಬರುವ ಸ್ಟ್ಯಾಂಡರ್ಡ್ ಲೈಬ್ರರಿಯೊಳಗೆ ಇದ್ದದ್ದು ಮಾತ್ರ ಎಲ್ಲರಿಗೂ ಸಿಕ್ಕುವಂಥದ್ದು. ಉಪಯುಕ್ತವೆಂದು ಕಂಡದ್ದನ್ನೆಲ್ಲ ಒಳಗೆ ಹಾಕಿಕೊಂಡದ್ದು ಆ ಕಾಲಕ್ಕೆ ಔದಾರ್ಯವೂ ಹೌದು, ಜಾಣತನವೂ ಹೌದು. ಪಿಪ್ ಬಂದ ಮೇಲೆ ಆ ಕಾರಣದ ಬಲ ಕುಗ್ಗಿತು.

ಕುಗ್ಗಿತೇ ಹೊರತು ಪೂರ್ತಿ ಹೋಗಲಿಲ್ಲ. ಹೊರಗಿನ ಇಂಟರ್‌ನೆಟ್ಟಿಗೆ ಬಾಗಿಲು ಮುಚ್ಚಿದ ಜಾಲದೊಳಗೆ ಕೂತು ಕೋಡ್ ಬರೆಯುವವರು ಇಂದಿಗೂ ಇದ್ದಾರೆ. ವಿದೇಶಿ ಬ್ಯಾಂಕುಗಳ ಕೆಲಸ ಮಾಡುವ ಬೆಂಗಳೂರಿನ ಇಂಜಿನಿಯರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥಲ್ಲಿ ಒಂದು ಹೊಸ ಪ್ಯಾಕೇಜ್ ಬೇಕೆಂದರೆ ಅರ್ಜಿ, ಭದ್ರತಾ ಪರಿಶೀಲನೆ, ಮೇಲಿನವರ ಒಪ್ಪಿಗೆ, ವಾರಗಟ್ಟಲೆ ಕಾಯುವಿಕೆ. ಭಾಷೆಯ ಜೊತೆಗೇ ಬಂದದ್ದಕ್ಕೆ ಯಾರ ಅನುಮತಿಯೂ ಬೇಡ. ಪಿಪ್‌ನಿಂದ ತಂದುಕೊಳ್ಳಿ ಎಂದು ಸಲೀಸಾಗಿ ಹೇಳುವವರು ಈ ಜನರನ್ನು ಮರೆತಿರುತ್ತಾರೆ.

ಈಗ ‘ಯಾರೂ ಬಳಸುವುದಿಲ್ಲ’ ಎಂಬ ಮಾತಿಗೆ ಬರೋಣ. ಹಳೆಯ ಮಾಡ್ಯೂಲನ್ನು ತೆಗೆಯಬೇಕೆನ್ನುವವರ ಬಾಯಿಂದ ಮೊದಲು ಬರುವ ವಾದ ಇದೇ, ರುಜುವಾತು ಮಾಡಲು ಆಗದ ವಾದವೂ ಇದೇ. ಪೈಪಿಐನಲ್ಲಿರುವ ಪ್ಯಾಕೇಜನ್ನು ಎಷ್ಟು ಸಲ ಇಳಿಸಿಕೊಂಡರೆಂದು ಲೆಕ್ಕ ಸಿಗುತ್ತದೆ. ಭಾಷೆಯ ಜೊತೆ ಬರುವ ಮಾಡ್ಯೂಲಿಗೆ ಅಂಥ ಎಣಿಕೆ ಇಲ್ಲ. ಎಲ್ಲರ ಯಂತ್ರದಲ್ಲೂ ಅದು ಇದ್ದೇ ಇರುತ್ತದೆ, ಯಾರು ಕರೆದರು ಎಂಬುದು ಗೊತ್ತಾಗುವುದಿಲ್ಲ. ಗಿಟ್‌ಹಬ್‌ನಂಥ ಕಡೆ ಹುಡುಕಿ ನೋಡಬಹುದು, ಆದರೆ ಅಲ್ಲಿ ಕಾಣುವುದು ಲೋಕದ ಮುಂದೆ ತೆರೆದಿಟ್ಟ ಕೋಡ್ ಮಾತ್ರ. ಕಾರ್ಖಾನೆಯ ನಿಯಂತ್ರಣ ಕೊಠಡಿಯಲ್ಲೋ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲೋ ಹತ್ತು ವರ್ಷಗಳಿಂದ ತನ್ನ ಪಾಡಿಗೆ ತಾನು ಓಡುತ್ತಿರುವ ಸ್ಕ್ರಿಪ್ಟು ಯಾವ ಹುಡುಕಾಟಕ್ಕೂ ಸಿಗದು. ಟೆಲ್‌ನೆಟ್‌ಲಿಬ್‌ನ ಬಳಕೆದಾರರಲ್ಲಿ ಇಂಥ ಸ್ಕ್ರಿಪ್ಟು ಇಟ್ಟುಕೊಂಡವರೂ ಇರುತ್ತಾರೆ. ಟೆಲ್‌ನೆಟ್‌ನಲ್ಲಿ ಕಳಿಸಿದ ಪಾಸ್‌ವರ್ಡು ತಂತಿಯ ಮೇಲೆ ಬೆತ್ತಲೆಯಾಗಿಯೇ ಹೋಗುತ್ತದೆ, ಅದನ್ನು ಬಿಡಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯ ಸ್ವಿಚ್ಚಿಗೆ, ಅಳತೆಯ ಉಪಕರಣಕ್ಕೆ ಬೇರೆ ಭಾಷೆ ಬರುವುದಿಲ್ಲ. ಅದನ್ನು ಬದಲಿಸುವ ದುಡ್ಡು ಸ್ಕ್ರಿಪ್ಟ್ ಬರೆಯುವವನ ಕೈಯಲ್ಲಿ ಇರುವುದಿಲ್ಲ.

ಆಡಿಯೋಆಪ್ ಮಾಡ್ಯೂಲಿನ ಕಥೆ ಇನ್ನೂ ಸ್ಪಷ್ಟ. ಕಚ್ಚಾ ಧ್ವನಿಯ ಮಟ್ಟ ಏರಿಳಿಸುವುದು, ಎರಡು ದನಿಗಳನ್ನು ಬೆರೆಸುವುದು, ದೂರವಾಣಿ ಜಾಲದ ಎನ್‌ಕೋಡಿಂಗಿನಿಂದ ಸಾಮಾನ್ಯ ರೂಪಕ್ಕೆ ತರುವುದು ಅದರ ಕೆಲಸ. ಸತ್ತ ಬ್ಯಾಟರಿಗಳ ಸಾಲಿನಲ್ಲಿ ಅದೂ ಇತ್ತು. ಆದರೆ ಡಿಸ್ಕಾರ್ಡ್ ಬಾಟ್‌ಗಳನ್ನು ಬರೆಯಲು ಲೋಕವೆಲ್ಲ ಬಳಸುವ ಡಿಸ್ಕಾರ್ಡ್.ಪೈ ಲೈಬ್ರರಿ ದನಿಯ ಮಟ್ಟ ಬದಲಿಸಲು ಇದನ್ನೇ ನೆಚ್ಚಿಕೊಂಡಿತ್ತು. ಧ್ವನಿ ಸಂಪಾದನೆಯ ಪೈಡಬ್ ಕೂಡ. ಮಾತನ್ನು ಪಠ್ಯಕ್ಕಿಳಿಸುವ ಸ್ಪೀಚ್‌ರೆಕಗ್ನಿಷನ್ ಪ್ಯಾಕೇಜಿಗೆ ಆಡಿಯೋಆಪ್ ಜೊತೆ ಅದೇ ಪಟ್ಟಿಯ ಎಐಎಫ್‌ಸಿಯೂ ಬೇಕಿತ್ತು. ಕೊನೆಗೆ ಆಡಿಯೋಆಪ್‌ನ ಕೋಡನ್ನು ಹಾಗೆಯೇ ಎತ್ತಿ ‘ಆಡಿಯೋಆಪ್-ಎಲ್‌ಟಿಎಸ್’ ಎಂಬ ಹೆಸರಿನಲ್ಲಿ ಪೈಪಿಐಗೆ ಹಾಕಲಾಯಿತು. 3.13 ಮತ್ತು ಅದರ ಮೇಲಿನ ಆವೃತ್ತಿಗಳಲ್ಲಿ ಡಿಸ್ಕಾರ್ಡ್.ಪೈ ಈಗ ಅದರ ಮೇಲೆ ನಿಂತಿದೆ. ಸತ್ತಿದೆ ಎಂದು ಘೋಷಿಸಿದ್ದು ಹೀಗೆ ಎದ್ದು ಕೂತಿತು. ಒಂದು ಮಾಡ್ಯೂಲಿಗೆ ನಿಜಕ್ಕೂ ಎಷ್ಟು ಜನ ಇದ್ದಾರೆಂದು ತಿಳಿಯಲು ಅದನ್ನು ತೆಗೆದುನೋಡುವುದೇ ಏಕೈಕ ಖಚಿತ ಮಾರ್ಗ, ಆ ಪರೀಕ್ಷೆಯ ಖರ್ಚು ಮಾತ್ರ ತೆಗೆದವರದಲ್ಲ.

ಇಷ್ಟು ಹೇಳಿದ ಮೇಲೆ, ಹಾಗಾದರೆ ಯಾವುದನ್ನೂ ತೆಗೆಯಲೇಬಾರದೆ ಎಂದು ಯಾರಾದರೂ ಕೇಳಬಹುದು. ತೆಗೆಯಬೇಕು. ಸುಮ್ಮನೆ ಒಂದು ಮೂಲೆಯಲ್ಲಿ ಬಿದ್ದಿದ್ದರೆ ಯಾರಿಗೇನು ಭಾರ ಎನ್ನುವವರಿಗೆ ಲೈಬ್ರರಿಯೊಂದರ ದಿನನಿತ್ಯದ ದುಡಿಮೆ ಗೊತ್ತಿಲ್ಲ. ಎನ್‌ಎನ್‌ಟಿಪಿಲಿಬ್‌ನ ಪರೀಕ್ಷೆಗಳನ್ನೇ ನೋಡಿ. ಪೈಥಾನ್‌ನಲ್ಲಿ ಇದ್ದದ್ದು ಸುದ್ದಿಗುಂಪಿನ ಗಿರಾಕಿಯ ಕಡೆಯ ಕೋಡ್ ಮಾತ್ರ, ಸರ್ವರಿನದಲ್ಲ. ಆದ್ದರಿಂದ ಪರೀಕ್ಷೆ ಓಡಬೇಕಾದರೆ ಹೊರಗಿನ ಯಾವುದೋ ಸುದ್ದಿ ಸರ್ವರನ್ನು ಸಂಪರ್ಕಿಸಬೇಕಿತ್ತು. ಅದು ಒಮ್ಮೆ ಮಲಗಿರುತ್ತಿತ್ತು, ಒಮ್ಮೆ ತೆವಳುತ್ತಿತ್ತು. ಸುದ್ದಿಗುಂಪಿಗೂ ತನಗೂ ಸಂಬಂಧವೇ ಇಲ್ಲದ ಯಾರೋ ಒಬ್ಬರು ತಮ್ಮ ಬದಲಾವಣೆಯನ್ನು ಸೇರಿಸಲು ಹೋದಾಗ ಕೆಂಪು ದೀಪ ಹೊತ್ತಿಕೊಳ್ಳುತ್ತಿತ್ತು, ತಪ್ಪು ತಮ್ಮದೋ ಅಲ್ಲವೋ ಎಂದು ಅವರು ತಲೆ ಕೆಡಿಸಿಕೊಳ್ಳಬೇಕಾಗುತ್ತಿತ್ತು. ಪೈಥಾನನ್ನು ಕಟ್ಟುವವರಲ್ಲಿ ಸಂಬಳಕ್ಕೆ ಆ ಕೆಲಸ ಮಾಡುವವರು ಬೆರಳೆಣಿಕೆಯಷ್ಟು. ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಪೂರ್ಣಾವಧಿಗೆಂದು ಮೊದಲ ಡೆವಲಪರನ್ನು ನೇಮಿಸಿಕೊಂಡದ್ದೇ 2021ರಲ್ಲಿ. ಉಳಿದವರ ಸಂಜೆಗಳು ಇಂಥ ಕೆಂಪು ದೀಪಗಳಿಗೆ ಹೋಗುತ್ತವೆ.

ಮೇಲ್‌ಕ್ಯಾಪ್‌ನ ಪ್ರಕರಣ ಇದಕ್ಕಿಂತ ಗಂಭೀರ. ಫೈಲಿನ ಬಗೆ ನೋಡಿ ಅದನ್ನು ತೆರೆಯಲು ಯಾವ ಆಜ್ಞೆ ಓಡಿಸಬೇಕೆಂದು ಹೇಳುವ ಪುಟ್ಟ ಮಾಡ್ಯೂಲ್ ಅದು. ಫೈಲಿನ ಹೆಸರಿನೊಳಗೇ ದುರುದ್ದೇಶದ ಆಜ್ಞೆ ತೂರಿಸಿದರೆ ಅದೂ ಓಡಿಬಿಡುತ್ತದೆ ಎಂಬ ದೋಷವನ್ನು 2015ರಲ್ಲೇ ಒಬ್ಬರು ವರದಿ ಮಾಡಿದ್ದರು. ಆ ವರದಿ ಏಳು ವರ್ಷ ಹಾಗೆಯೇ ಕೂತಿತ್ತು. 2022ರಲ್ಲಿ ಭದ್ರತಾ ದೋಷಗಳ ಜಾಗತಿಕ ಪಟ್ಟಿಯಲ್ಲಿ, 2015ರ ಸಂಖ್ಯೆಯನ್ನೇ ಹೊತ್ತು, ಪ್ರಕಟವಾದ ಮೇಲೆ ತಿದ್ದುಪಡಿ ಬಂತು. ಯಾರದೋ ಉದಾಸೀನ ಎನ್ನುವುದಕ್ಕಿಂತ, ಆ ಮಾಡ್ಯೂಲು ನನ್ನದು ಎನ್ನುವವರು ಇರಲಿಲ್ಲ ಎನ್ನಬೇಕು. ನೀರುಗಂಟಿ ಇಲ್ಲದ ಕೆರೆಯ ತೂಬು ಕೆಟ್ಟರೆ ಊರಿಗೆಲ್ಲ ಗೊತ್ತಿರುತ್ತದೆ, ರಿಪೇರಿ ಮಾತ್ರ ಆಗುವುದಿಲ್ಲ. ಭಾಷೆಯ ಜೊತೆಗೇ ಬಂದಿದೆ ಎಂದ ಮೇಲೆ ಯಾರೋ ಹಿರಿಯರು ನೋಡಿಯೇ ಇರುತ್ತಾರೆ ಎಂದು ಬಳಸುವವರು ನಂಬುತ್ತಾರೆ. ನೋಡುವವರಿಲ್ಲದ ಮಾಡ್ಯೂಲನ್ನು ಒಳಗೇ ಇಟ್ಟುಕೊಂಡಿರುವುದು ಆ ನಂಬಿಕೆಗೆ ಬಗೆಯುವ ದ್ರೋಹ. ತೆಗೆಯಬೇಕು ಎನ್ನುವುದಕ್ಕೆ ಇದೇ ಬಲವಾದ ಕಾರಣ, ‘ಯಾರೂ ಬಳಸುವುದಿಲ್ಲ’ ಎಂಬುದಲ್ಲ.

ಹಾಗೆಂದು ಎಲ್ಲ ಹಳೆಯ ಕೋಡಿಗೂ ಕಾವಲುಗಾರ ಬೇಕೇಬೇಕು ಎಂದಲ್ಲ. ವಯಸ್ಸಾದ ಮಾಡ್ಯೂಲುಗಳಲ್ಲಿ ಎರಡು ಜಾತಿ. ಬಣ್ಣಗಳನ್ನು ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಬದಲಿಸುವ ಕಲರ್‌ಸಿಸ್ ಎಂಬುದೊಂದಿದೆ. ಪ್ರಸ್ತಾವದ ಮೊದಲ ಕರಡಿನಲ್ಲಿ ಅದರ ಹೆಸರೂ ಇತ್ತು, ಆಮೇಲೆ ಪಟ್ಟಿಯಿಂದ ಕೈಬಿಟ್ಟರು. ಅದರಲ್ಲಿರುವುದು ಗಣಿತದ ಒಂದಷ್ಟು ಸೂತ್ರ, ಶುದ್ಧ ಪೈಥಾನ್‌ನಲ್ಲಿ ಬರೆದದ್ದು. ಕೆಂಪು ಹಸಿರು ನೀಲಿಗಳ ಲೆಕ್ಕ ಇನ್ನು ಮೂವತ್ತು ವರ್ಷ ಕಳೆದರೂ ಬದಲಾಗುವುದಿಲ್ಲ. ಅಂಥದ್ದನ್ನು ಯಾರೂ ಮುಟ್ಟದಿದ್ದರೆ ಅದು ಆರೋಗ್ಯದ ಲಕ್ಷಣ. ಆಡಿಯೋಆಪ್, ಕ್ರಿಪ್ಟ್, ಎನ್‌ಐಎಸ್, ಒಎಸ್‌ಎಸ್‌ಆಡಿಯೋಡೆವ್ ಹಾಗಲ್ಲ. ಅವುಗಳ ಒಳಗಿದ್ದದ್ದು ಇಂಟರ್‌ಪ್ರಿಟರಿನ ಕರುಳಿಗೇ ಅಂಟಿಕೊಂಡ ಸಿ ಭಾಷೆಯ ಕೋಡ್. ಅವು ಅಲುಗದಿದ್ದರೂ ಅವುಗಳ ಕೆಳಗಿನ ನೆಲ ಅಲುಗುತ್ತದೆ. ಹಲವು ಥ್ರೆಡ್‌ಗಳು ಒಟ್ಟಿಗೆ ಓಡುವ ಬಿಲ್ಡ್ ಬಂದದ್ದು ಇದೇ 3.13ರಲ್ಲಿ ಎಂಬುದನ್ನು ನೆನೆದರೆ ವಿಷಯ ತಿಳಿಯಾಗುತ್ತದೆ. ಅಂಥ ಬದಲಾವಣೆ ಬಂದಾಗ ಸಿ ಕೋಡಿನ ಪ್ರತಿ ತುಣುಕನ್ನೂ ಯಾರಾದರೂ ಕೂತು ಮತ್ತೆ ಓದಬೇಕು, ಬೇಕಾದಲ್ಲಿ ತಿದ್ದಬೇಕು. ಹೀಗಾಗಿ ಆಡಿಯೋಆಪ್‌ಗೆ ಬಳಕೆದಾರರು ಹೇರಳವಾಗಿದ್ದರೂ ಅದನ್ನು ಹೊರಗೆ ಕಳಿಸಿದ್ದು ಅನ್ಯಾಯವಲ್ಲ ಎಂದೇ ನಾನು ವಾದಿಸುತ್ತೇನೆ. ಬಳಕೆದಾರರೇ ಮುಂದೆ ಬಂದು ಅದನ್ನು ಹೊತ್ತುಕೊಂಡರು. ಹೊರುವವರು ಯಾರೆಂಬುದು ಆಗಲೇ ಸ್ಪಷ್ಟವಾದದ್ದು.

ಉಳಿಸಿಕೊಂಡವುಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ವೇವ್. ಧ್ವನಿ ಫೈಲುಗಳನ್ನು ಓದಿ ಬರೆಯುವ ಮಾಡ್ಯೂಲ್ ಅದು. ಅದರ ಜೊತೆಗಾರರೆಲ್ಲ ಪಟ್ಟಿ ಸೇರಿದರು. ವೇವ್ ಮಕ್ಕಳಿಗೆ ಕಲಿಸಲು ಸುಲಭ, ಅದರಿಂದ ಚಿತ್ರವಿಚಿತ್ರ ಸದ್ದು ಹೊರಡಿಸಬಹುದು, ಒಂಬತ್ತು ವರ್ಷದ ಮಗುವಿಗೆ ಕಂಪ್ಯೂಟರಿನಿಂದ ಸದ್ದು ಬರಿಸುವುದು ಬಹಳ ಉತ್ತೇಜನ ಕೊಡುತ್ತದೆ ಎಂಬ ಅರ್ಥದ, ಪೈಥಾನ್ ಲೇಖಕ ಡೇವಿಡ್ ಬೀಜ್ಲಿ ಅವರ ಅಹವಾಲನ್ನು ಪ್ರಸ್ತಾವದ ಪಠ್ಯದಲ್ಲೇ ಕಾರಣವೆಂದು ನಮೂದಿಸಿ ಅದನ್ನು ಉಳಿಸಿಕೊಂಡರು. ಯಾವ ಅಂಕಿಅಂಶವೂ ಇಲ್ಲದ, ತೀರಾ ಮನುಷ್ಯಸಹಜವಾದ ಕಾರಣ. ತಾಂತ್ರಿಕ ನಿರ್ಧಾರಗಳಿಗೆ ಅಳತೆಪಟ್ಟಿಯೊಂದೇ ಆಧಾರ ಎನ್ನುವವರು ಇದನ್ನು ಓದಿ ಮೂಗು ಮುರಿಯಬಹುದು. ಆದರೆ ಉಳಿಸಿಕೊಳ್ಳುವುದೆಂದರೆ ಖರ್ಚಿಲ್ಲ ಎಂದು ಭಾವಿಸಬೇಡಿ. ವೇವ್ ತನ್ನ ಕೆಲಸಕ್ಕೆ ಆಡಿಯೋಆಪ್‌ನಿಂದಲೂ ಚಂಕ್ ಎಂಬ ಇನ್ನೊಂದು ಮಾಡ್ಯೂಲಿನಿಂದಲೂ ಕೈಗಡ ಪಡೆಯುತ್ತಿತ್ತು. ಇವೆರಡೂ ಹೋಗುವುದೆಂದಾದ ಮೇಲೆ ಬೇಕಿದ್ದಷ್ಟು ಕೋಡನ್ನು ವೇವ್ ಒಳಗೇ ಬರೆದುಕೊಳ್ಳಬೇಕಾಯಿತು.

ಇದೇ ಬಗೆಯ ಕೆಲಸ ಈಮೇಲ್ ಲೈಬ್ರರಿಯಲ್ಲೂ ನಡೆಯಿತು, ನನ್ನ ತಕರಾರು ಶುರುವಾಗುವುದು ಇಲ್ಲಿಂದ. ಚಿತ್ರದ ಫೈಲು ಯಾವ ಬಗೆಯದೆಂದು ಗುರುತಿಸುವ ಮಾಡ್ಯೂಲ್, ಧ್ವನಿ ಫೈಲಿಗೆ ಅದೇ ಕೆಲಸ ಮಾಡುವ ಇನ್ನೊಂದು, ಹಳೆಯ ಯೂನಿಕ್ಸ್ ಎನ್‌ಕೋಡಿಂಗನ್ನು ಬಿಡಿಸುವ ಮತ್ತೊಂದು, ಈ ಮೂರೂ ಸತ್ತವೆಂದು ಬರೆದುಕೊಂಡ ಪಟ್ಟಿಯಲ್ಲಿದ್ದವು. ಈ ಮೂರನ್ನೂ ಪೈಥಾನ್‌ನದೇ ಈಮೇಲ್ ಲೈಬ್ರರಿ ಬಳಸುತ್ತಿತ್ತು. ತಮ್ಮ ಮನೆಯೊಳಗಿನ ಈ ಬಳಕೆದಾರನಿಗಾಗಿ ಡೆವಲಪರುಗಳು ಬೇಕಾದ ಸಾಲುಗಳನ್ನು ಈಮೇಲ್ ಒಳಗೆ ಸದ್ದಿಲ್ಲದೆ ಸ್ಥಳಾಂತರಿಸಿದರು, ಏನೂ ಮುರಿಯದಂತೆ ನೋಡಿಕೊಂಡರು. ಹೊರಗಿನವರಿಗೆ ಸಿಕ್ಕಿದ್ದು ಎಚ್ಚರಿಕೆಯ ಒಂದು ಸಾಲು ಮತ್ತು ಬದಲಿ ಪ್ಯಾಕೇಜುಗಳ ಹೆಸರು.

ಆ ಎಚ್ಚರಿಕೆಯಾದರೂ ತಲುಪಿತೆ? ನೀವು ನೇರವಾಗಿ ಓಡಿಸುವ ಫೈಲಿನಲ್ಲೇ ಆ ಮಾಡ್ಯೂಲಿನ ಹೆಸರಿದ್ದರೆ 3.11 ಮತ್ತು 3.12ರಲ್ಲಿ ಎಚ್ಚರಿಕೆ ಪರದೆಯ ಮೇಲೆ ಮೂಡುತ್ತದೆ. ಅದು ನೀವು ಕರೆಯುವ ಇನ್ನೊಂದು ಫೈಲಿನಲ್ಲೋ ಯಾರೋ ಬರೆದ ಲೈಬ್ರರಿಯಲ್ಲೋ ಅಡಗಿದ್ದರೆ ಮೂಡುವುದಿಲ್ಲ, ಇಂಥ ಎಚ್ಚರಿಕೆಗಳು ಪೈಥಾನ್‌ನಲ್ಲಿ ತಾವಾಗಿಯೇ ಮುಚ್ಚಿರುತ್ತವೆ. ರಾತ್ರಿ ಎರಡು ಗಂಟೆಗೆ ತಾನಾಗಿ ಓಡುವ ಸ್ಕ್ರಿಪ್ಟಾದರೆ ಮೂಡಿದರೂ ಓದುವವರು ಯಾರು? ಇನ್ನು ಕಾಲಾವಕಾಶದ ಲೆಕ್ಕ. ಪೈಥಾನ್ ವರ್ಷಕ್ಕೊಂದು ಆವೃತ್ತಿ ತರುತ್ತದೆ, 3.11ರಿಂದ 3.13ಕ್ಕೆ ಎರಡು ವರ್ಷ. ಸರ್ವರುಗಳು ಓಡುವುದು ಪೈಥಾನ್‌ನ ಪಂಚಾಂಗದಂತಲ್ಲ, ಲಿನಕ್ಸ್ ವಿತರಣೆಗಳ ಪಂಚಾಂಗದಂತೆ. 2021ರ ಡೆಬಿಯನ್ 11ರಲ್ಲಿ ಇದ್ದದ್ದು 3.9, ಅದರಲ್ಲಿ ಎಚ್ಚರಿಕೆಯೇ ಇರಲಿಲ್ಲ. 2023ರ ಡೆಬಿಯನ್ 12ರಲ್ಲಿ 3.11. 2025ರ ಡೆಬಿಯನ್ 13ರಲ್ಲಿ 3.13, ಮಾಡ್ಯೂಲ್ ಮಾಯ. 11ರಿಂದ 12ನ್ನು ಹಾದು ಬೇಗಬೇಗನೆ 13ಕ್ಕೆ ಏರಿದ ಆಡಳಿತಗಾರನಿಗೆ ಎಚ್ಚರಿಕೆ ಕಂಡೇ ಇರಲಿಕ್ಕಿಲ್ಲ. ವರ್ಷಗಟ್ಟಲೆ ಚರ್ಚೆ ನಡೆದಿತ್ತಲ್ಲ ಎಂದರೆ, ಚರ್ಚೆ ನಡೆದದ್ದು ಚರ್ಚೆಯಲ್ಲಿ ಭಾಗವಹಿಸುವ ಜನರ ನಡುವೆ. ಟೆಲ್‌ನೆಟ್‌ಲಿಬ್ ನೆಚ್ಚಿಕೊಂಡ ಜಾಲ ಇಂಜಿನಿಯರು ಅಲ್ಲಿರಲಿಲ್ಲ.

ಬೇರೆಯವರು ಹೇಗೆ ಮಾಡಿದರು ಎಂದು ನೋಡುವುದು ಒಳ್ಳೆಯದು. ಪರ್ಲ್ ಭಾಷೆ ತನ್ನ ಹೆಸರುವಾಸಿ ಸಿಜಿಐ ಮಾಡ್ಯೂಲನ್ನು 2015ರ 5.22ರಲ್ಲಿ ಹೊರಗಿಟ್ಟಿತು. ಆದರೆ ಆ ಮಾಡ್ಯೂಲು ಅದೇ ಹೆಸರಿನಲ್ಲಿ ಪರ್ಲ್‌ನ ಪ್ಯಾಕೇಜ್ ಭಂಡಾರವಾದ ಸಿಪ್ಯಾನ್‌ನಲ್ಲಿ ಮೊದಲಿನಿಂದಲೂ ಇತ್ತು, ಆಮೇಲೂ ಇದೆ. ಅಲ್ಲಿಂದ ತಂದು ಹಾಕಿಕೊಂಡರೆ ಮುಗಿಯಿತು. ರೂಬಿ ತನ್ನ ಸಿಎಸ್‌ವಿ, ಬೇಸ್64ನಂಥ ಲೈಬ್ರರಿಗಳನ್ನು 3.4ರಲ್ಲಿ ಒಂದು ಹೆಜ್ಜೆ ಹೊರಕ್ಕೆ ಸರಿಸಿತು: ಭಾಷೆಯ ಜೊತೆಗೇ ಅವು ಬರುತ್ತವೆ, ಬೇಕೆಂದವರು ತಮಗೆ ಬೇಕಾದ ಲೈಬ್ರರಿಗಳ ಪಟ್ಟಿಯಾದ ಜೆಮ್‌ಫೈಲಿನಲ್ಲಿ ಹೆಸರು ಬರೆಯಬೇಕು. ಗೂಢಲಿಪಿ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ 2021ರ 3.0ರಲ್ಲಿ ಆರ್‌ಸಿ4, ಎಂಡಿ4, ಬ್ಲೋಫಿಶ್ ಮುಂತಾದ ಹಳೆಯ ಅಲ್ಗಾರಿದಮ್‌ಗಳನ್ನು ಒಂದು ಪ್ರತ್ಯೇಕ ಕಟ್ಟಿಗೆ ಹಾಕಿತು. ಅವು ಬೇಕಾದವರು ತಾವೇ ಕೇಳಿ ತೆರೆಸಿಕೊಳ್ಳಬೇಕು. ಮೂರರಲ್ಲೂ ಕಾಣುವುದು ಮಾಲು ಯಾರ ಕೈಗೆ ಹೋಯಿತು ಎಂಬ ಗುರುತು. ಪೈಥಾನ್‌ನಲ್ಲಾದರೋ ಸ್ಟ್ಯಾಂಡರ್ಡ್ ಲೈಬ್ರರಿಯ ಹೆಸರುಗಳನ್ನು ಪೈಪಿಐನಲ್ಲಿ ಯಾರೂ ತೆಗೆದುಕೊಳ್ಳುವಂತಿಲ್ಲ. ಭದ್ರತೆಯ ದೃಷ್ಟಿಯಿಂದ ಆ ಕಟ್ಟುಪಾಡು ಬೇಕಾದದ್ದೇ. ಆದ್ದರಿಂದ ಹೊರಬಿದ್ದ ಮಾಡ್ಯೂಲುಗಳು ‘ಲೆಗಸಿ-ಸಿಜಿಐ’, ‘ಸ್ಟ್ಯಾಂಡರ್ಡ್-ಟೆಲ್‌ನೆಟ್‌ಲಿಬ್’ ಎಂಬಂಥ ಹೆಸರುಗಳಲ್ಲಿ, ಸ್ವಯಂಸೇವಕರ ಕೈಯಲ್ಲಿ ಮತ್ತೆ ಹುಟ್ಟಿವೆ.

ಅವರ ಕೆಲಸಕ್ಕೆ ಋಣಿಯಾಗಿದ್ದರೂ ಒಂದು ಅಳುಕು ಉಳಿಯುತ್ತದೆ. 2024ರ ಮಾರ್ಚ್ ಕೊನೆಯಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಡೆವಲಪರ್ ಎಕ್ಸ್‌ಝಡ್ ಸಂಕೋಚನ ಲೈಬ್ರರಿಯೊಳಗೆ ಹಿಂಬಾಗಿಲೊಂದು ಅಡಗಿರುವುದನ್ನು ಪತ್ತೆಹಚ್ಚಿದರು. ದಣಿದುಹೋಗಿದ್ದ ಒಬ್ಬನೇ ನಿರ್ವಾಹಕನಿಗೆ ನೆರವಾಗುವ ನೆಪದಲ್ಲಿ ವರ್ಷಗಟ್ಟಲೆ ವಿಶ್ವಾಸ ಗಳಿಸಿ ಒಳಹೊಕ್ಕವರು ಅದನ್ನಿಟ್ಟಿದ್ದರು. ಹಳೆಯ ಮಾಡ್ಯೂಲುಗಳನ್ನು ಹತ್ತಾರು ಒಂಟಿ ಪ್ಯಾಕೇಜುಗಳಾಗಿ ಚದುರಿಸುವುದೆಂದರೆ ಅಂಥ ಒಂಟಿ ನಿರ್ವಾಹಕರ ಸಂಖ್ಯೆಯನ್ನು ಹೆಚ್ಚಿಸುವುದೇ. ತೆಗೆಯುವವರು ಹಸ್ತಾಂತರವನ್ನೂ ತಮ್ಮ ಕೆಲಸವೆಂದೇ ಎಣಿಸಬೇಕು: ಹೊಸ ಮನೆ ಯಾವುದು, ಅಲ್ಲಿ ಕನಿಷ್ಠ ಇಬ್ಬರ ಕೈಯಲ್ಲಾದರೂ ಬೀಗದ ಕೈ ಇದೆಯೇ ಎಂದು ನೋಡಿ, ಎಚ್ಚರಿಕೆಯ ಸಾಲಿನಲ್ಲೇ ಆ ವಿಳಾಸ ಕೊಡಬೇಕು. ಪ್ರಸ್ತಾವ ಬದಲಿಗಳನ್ನು ಸೂಚಿಸಿತು, ಸರಿ. ಆದರೆ ಅವುಗಳಲ್ಲಿ ಹಲವು ಬೇರೆಯೇ ಸ್ವಭಾವದ ಲೈಬ್ರರಿಗಳು. ಹಳೆಯ ಸ್ಕ್ರಿಪ್ಟನ್ನು ಹೊಸದಾಗಿ ಬರೆಯದೆ ಅವು ಕೂರುವುದಿಲ್ಲ.

ಬ್ಯಾಂಕಿನವರು, ದೊಡ್ಡ ಕಂಪನಿಯವರು ಇಷ್ಟೆಲ್ಲ ದೂರುತ್ತಾರೆ, ತಾವೇನು ಕೊಟ್ಟಿದ್ದಾರೆ ಎಂದು ಪೈಥಾನ್ ಡೆವಲಪರೊಬ್ಬರು ಕೇಳಿದರೆ ಉತ್ತರಿಸುವುದು ಕಷ್ಟ. ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಹಳೆಯ ಮಾಡ್ಯೂಲು ಉಳಿಯಬೇಕೆನ್ನುವ ಸಂಸ್ಥೆ ಒಬ್ಬ ಇಂಜಿನಿಯರನ ವಾರದ ಕೆಲವು ಗಂಟೆಗಳನ್ನಾದರೂ ಅದಕ್ಕೆ ಮೀಸಲಿಡಬೇಕು. ಹಾಗೆ ಮುಂದೆ ಬರುವವರಿದ್ದರೆ ಬಹಳಷ್ಟು ಮಾಡ್ಯೂಲುಗಳನ್ನು ತೆಗೆಯುವ ಮಾತೇ ಬರುವುದಿಲ್ಲ.

ಪ್ರಸ್ತಾವದ ಕೋಷ್ಟಕದಲ್ಲಿ ‘ನೋಡಿಕೊಳ್ಳುವವರಿದ್ದಾರೆಯೇ’ ಎಂಬ ಒಂದು ಕಾಲಂ ಇದೆ, ಅದರ ಕೆಳಗೆ ಬಹಳಷ್ಟು ಕಡೆ ‘ಇಲ್ಲ’ ಎಂದಿದೆ. ಪೈಥಾನ್ ಡೆವಲಪರುಗಳ ಕೈಪಿಡಿಯಲ್ಲೂ ಯಾವ ಮಾಡ್ಯೂಲಿಗೆ ಯಾರು ತಜ್ಞರೆಂಬ ಪಟ್ಟಿ ಇದೆ, ಹೆಸರಿಲ್ಲದ ಖಾಲಿ ಸಾಲುಗಳು ಅದರಲ್ಲೂ ಇವೆ. ಡೆವಲಪರುಗಳಷ್ಟೇ ತಿರುವಿ ನೋಡುವ ಆ ಪಟ್ಟಿಯನ್ನು ಪ್ರತಿ ಮಾಡ್ಯೂಲಿನ ದಾಖಲೆಯ ಪುಟದ ನೆತ್ತಿಗೇ ತಂದು ಹಾಕಿದರೆ, ಇದನ್ನು ನೋಡಿಕೊಳ್ಳುವವರು ಸದ್ಯಕ್ಕೆ ಯಾರೂ ಇಲ್ಲ ಎಂಬ ಸಾಲನ್ನು ಕೋಡ್ ಬರೆಯುವ ದಿನವೇ ಬಳಕೆದಾರ ಓದುತ್ತಾನೆ. ತೆಗೆಯುವ ನಿರ್ಧಾರಕ್ಕೆ ಇನ್ನೂ ಐದು ವರ್ಷ ಇರುವಾಗಲೇ.